57 ಕೆ.ಜಿ.ಯವನೋ, 97 ಕೆ.ಜಿ.ಯವನೋ: ಯಾರು ದೊಡ್ಡ ಪೈಲ್ವಾನ?

ಪ್ರಶ್ನೆ (ಶಿರಸಿ): ಹಳಿಯಾಳದ ಕುಸ್ತಿ ನೋಡಿ ಬರುವಾಗ ಗೆಳೆಯರಲ್ಲಿ ಪ್ರತಿ ಸಲ ಇದೇ ವಾದ. 57 ಕೆ.ಜಿ.ಯ ಚುರುಕು ಹುಡುಗ ದೊಡ್ಡ ಪೈಲ್ವಾನನೋ, 97 ಕೆ.ಜಿ.ಯವನೋ? ಹೋಲಿಸಲು ಏನಾದರೂ ಲೆಕ್ಕ ಇದೆಯೇ?

ಉತ್ತರ: ಇಬ್ಬರನ್ನೂ ಅಖಾಡಕ್ಕೆ ಬಿಟ್ಟರೆ ಗೆಲ್ಲುವವರು ಯಾರು ಎಂಬುದು ಒಂದು ಪ್ರಶ್ನೆ, ಹೆಚ್ಚು ನುರಿತವರು ಯಾರು ಎಂಬುದು ಇನ್ನೊಂದು. ನಿಮ್ಮ ವಾದ ಎರಡನ್ನೂ ಕಲಸಿಕೊಂಡಿದೆ, ಹಾಗಾಗಿಯೇ ಮುಗಿಯುತ್ತಿಲ್ಲ. ಮೊದಲನೆಯದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ತಾಲೀಮು ಸಮನಾಗಿದ್ದರೆ 97ರವನೇ ಗೆಲ್ಲುವುದು.

ಸ್ನಾಯುವಿನ ಬಲ ಅದರ ದಪ್ಪವನ್ನು, ಅಂದರೆ ಅಡ್ಡ ಕೊಯ್ದರೆ ಸಿಗುವ ವಿಸ್ತೀರ್ಣವನ್ನು ಅನುಸರಿಸುತ್ತದೆ. ತೂಕ ಗಾತ್ರವನ್ನು ಅನುಸರಿಸುತ್ತದೆ. ಮೈಕಟ್ಟು ಒಂದೇ ತೆರನಾಗಿದ್ದರೆ ತೂಕ ಏರಿದಷ್ಟು ವೇಗವಾಗಿ ಬಲ ಏರುವುದಿಲ್ಲ. 57ರಿಂದ 97ಕ್ಕೆ ತೂಕ ಶೇ. 70 ಹೆಚ್ಚು, ಬಲ ಹೆಚ್ಚುವುದು ಸುಮಾರು ಶೇ. 43 ಮಾತ್ರ. ಆದ್ದರಿಂದ ‘ಕೆ.ಜಿ.ಗೆ ಎಷ್ಟು ಬಲ’ ಎಂದು ಭಾಗಿಸಿ ನೋಡಿದರೆ ಹಗುರದವನು ಯಾವಾಗಲೂ ಮುಂದೆ, ಭಾಗಿಸದೆ ನೋಡಿದರೆ ಭಾರದವನು ಮುಂದೆ. ಎರಡೂ ನಿಸರ್ಗದ ಕೊಡುಗೆ. ಯಾರ ಕಸುಬುಗಾರಿಕೆಯೂ ಅದರಲ್ಲಿಲ್ಲ.

ಕಸುಬು ಅಳೆಯಬೇಕೆಂದರೆ ಅವನವನ ತೂಕದೊಳಗೇ ನೋಡಿ. ಕಳೆದ ಮೂರ್ನಾಲ್ಕು ವರ್ಷಗಳಲ್ಲಿ ಸೋಲಿಸಿದವರು ಯಾರು, ಅವರಲ್ಲಿ ಪದಕ ಗೆದ್ದವರೆಷ್ಟು ಮಂದಿ? ಗೆದ್ದದ್ದು ಎಷ್ಟು ಅಂತರದಿಂದ? ಫ್ರೀಸ್ಟೈಲ್‌ನಲ್ಲಿ 10 ಪಾಯಿಂಟ್ ಅಂತರವಾದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಹಾಗೆ ಪದೇ ಪದೇ ಮುಗಿಸುವವನನ್ನೂ ಕೊನೆಯ ನಿಮಿಷದಲ್ಲಿ ಒಂದು ಪಾಯಿಂಟ್‌ನಿಂದ ದಾಟಿಕೊಳ್ಳುವವನನ್ನೂ ಒಂದೇ ಸಾಲಿಗೆ ಹಚ್ಚಬೇಡಿ. ಒಂದೇ ಪಟ್ಟನ್ನು ನಂಬಿದವನು ಎದುರಾಳಿ ಅದನ್ನು ಕಲಿತ ದಿನ ನಿಂತುಬಿಡುತ್ತಾನೆ, ಅದನ್ನೂ ಗಮನಿಸಿ.

ತೂಕ ಏರಿಸಿ ಆಡಿದ್ದರೆ ಅದು ಒಳ್ಳೆಯ ಸಾಕ್ಷಿ. ಆದರೆ ವಿಭಾಗಗಳನ್ನು ಎಣಿಸಬೇಡಿ, ಶೇಕಡಾ ಹಾಕಿ. ಒಲಿಂಪಿಕ್ಸ್ ಫ್ರೀಸ್ಟೈಲ್‌ನಲ್ಲಿ 57ರಿಂದ 65ಕ್ಕೆ ಶೇ. 14ರ ಜಿಗಿತ, 97ರಿಂದ 125ಕ್ಕೆ ಶೇ. 29. ವೃತ್ತಿಪರ ಬಾಕ್ಸಿಂಗ್‌ನ ಫ್ಲೈವೇಟ್ 112 ಪೌಂಡ್, ಅದರ ಮೇಲಿನದು 115, ಶೇ. 3 ಕೂಡ ಇಲ್ಲ. ಫಿಲಿಪ್ಪೀನ್ಸ್‌ನ ಬಾಕ್ಸರ್ ಮ್ಯಾನಿ ಪ್ಯಾಕ್ವಿಯಾವೊ ಆ ಫ್ಲೈವೇಟ್‌ನಿಂದ ಹಿಡಿದು ಎಂಟು ವಿಭಾಗಗಳಲ್ಲಿ ಚಾಂಪಿಯನ್ ಬೆಲ್ಟ್ ಗೆದ್ದದ್ದು ಅಪೂರ್ವವೇ. ಆದರೂ 2010ರಲ್ಲಿ 154 ಪೌಂಡ್ ವಿಭಾಗದ ಬೆಲ್ಟ್‌ಗೆ ಆಡಿದಾಗ ಒಪ್ಪಂದದ ಮಿತಿ 150, ತಕ್ಕಡಿಯಲ್ಲಿ ಅವರು ತೂಗಿದ್ದು ಸುಮಾರು 145. ಬೆಲ್ಟಿನ ಮೇಲಿನ ಅಂಕಿ ನೋಡಿದರೆ 112ರಿಂದ ಶೇ. 37ರ ಏರಿಕೆ, ಮೈ ನೋಡಿದರೆ ಶೇ. 29. ಎದುರಾಳಿ ಆಂಟೋನಿಯೊ ಮಾರ್ಗರಿಟೊ 150 ಇದ್ದರು ಎಂಬುದನ್ನೂ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಅನ್ಯಾಯವಾದೀತು. ಇತ್ತ ಮೇರಿ ಕೋಮ್ 45, 46, 48 ಕೆ.ಜಿ.ಗಳಲ್ಲಿ ವಿಶ್ವ ಚಿನ್ನ ಗೆದ್ದವರು. 2012ರ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 51ಕ್ಕಿಂತ ಕೆಳಗಿನ ವಿಭಾಗವೇ ಇರಲಿಲ್ಲ. ಅಲ್ಲಿ ಕಂಚು ಬಂತು. ಕೇವಲ ಶೇ. 6ರ ಏರಿಕೆ ಅದು. ನನ್ನ ಲೆಕ್ಕದಲ್ಲಿ ಆ ಕಂಚು ಹಿಂದಿನ ಯಾವ ಚಿನ್ನಕ್ಕೂ ಕಡಿಮೆಯಲ್ಲ.

ಭಾರ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದನ್ನು ನಿಯಮವೂ ತೀರ್ಮಾನಿಸುತ್ತದೆ. 1910ರಲ್ಲಿ ಲಂಡನ್‌ನಲ್ಲಿ ಗಾಮಾ ಪೈಲ್ವಾನರ ಎದುರು ಅವರಿಗಿಂತ ಭಾರಿಯಾಗಿದ್ದ ಪೋಲೆಂಡ್‌ನ ಪೈಲ್ವಾನ ಸ್ಬಿಸ್ಕೊ ಎರಡು ಗಂಟೆಗೂ ಹೆಚ್ಚು ಹೊತ್ತು ಮ್ಯಾಟ್‌ಗೆ ಅಂಟಿಕೊಂಡೇ ಉಳಿದು ಕುಸ್ತಿಯನ್ನು ಸಮಗೊಳಿಸಿಕೊಂಡರು. ಇಂದಿನ ನಿಯಮದಲ್ಲಿ ಹಾಗೆ ಕಾಲ ಕಳೆಯುವವನಿಗೆ ಎಚ್ಚರಿಕೆ ಬೀಳುತ್ತದೆ, ಎದುರಾಳಿಗೆ ಪಾಯಿಂಟ್ ಹೋಗುತ್ತದೆ.

ಪ್ರಶ್ನೆ (ಕಾರವಾರ): ಹೆವಿವೇಟ್ ಬಾಕ್ಸರ್ ಉಸಿಕ್ ತನಗಿಂತ ಭಾರಿಯಾದ ಫ್ಯೂರಿಯನ್ನು ಸೋಲಿಸಲಿಲ್ಲವೇ? ಹಾಗಾದರೆ ತೂಕದ ಮಾತೇಕೆ?

ಉತ್ತರ: 2024ರ ಮೇನಲ್ಲಿ ಉಸಿಕ್ ಸುಮಾರು 101 ಕೆ.ಜಿ., ಫ್ಯೂರಿ 119. ಅಂತರ ಶೇ. 17, ಅದರಲ್ಲಿ ಎಲ್ಲವೂ ಸ್ನಾಯುವಲ್ಲ. ಬಾಕ್ಸಿಂಗ್‌ನಲ್ಲಿ ಮೈಮೇಲೆ ಬಿದ್ದು ಒತ್ತಲು ಅವಕಾಶವಿಲ್ಲ, ಆದ್ದರಿಂದ ಕಾಲಿನ ಚಲನೆ ತೂಕದ ಕೊರತೆಯನ್ನು ತುಂಬುತ್ತದೆ. ಇದೇ ಅಂತರ ಕುಸ್ತಿಯಲ್ಲಿದ್ದರೆ ನಾನು ಪಣ ಕಟ್ಟುತ್ತಿದ್ದದ್ದು ಭಾರದವನ ಮೇಲೆ.

ಪ್ರಶ್ನೆ (ಕುಮಟಾ): ಮಗನಿಗೆ 15 ವರ್ಷ, 50 ಕೆ.ಜಿ. 48ಕ್ಕೆ ಇಳಿದರೆ ಪದಕ ಸುಲಭ ಎನ್ನುತ್ತಾರೆ. ಪ್ಲಾಸ್ಟಿಕ್ ಕೋಟು ಹಾಕಿ ಓಡಿಸಬಹುದೇ?

ಉತ್ತರ: ಖಂಡಿತ ಬೇಡ. ಕರಾವಳಿಯ ಸೆಕೆಯಲ್ಲಿ ಬೆವರು ಮೊದಲೇ ಆರುವುದಿಲ್ಲ. ಕೋಟು ಹಾಕಿದರೆ ಮೈಯ ಕಾವು ಹೊರಹೋಗಲು ದಾರಿಯೇ ಇರುವುದಿಲ್ಲ. 1997ರಲ್ಲಿ ಅಮೆರಿಕದಲ್ಲಿ ಹೀಗೆ ತೂಕ ಇಳಿಸಲು ಹೋಗಿ ಮೂವರು ಕಾಲೇಜು ಕುಸ್ತಿಪಟುಗಳು ಸತ್ತರು. ಆಮೇಲೆ ಅಲ್ಲಿ ಆ ಕೋಟನ್ನೇ ನಿಷೇಧಿಸಿದರು, ವಾರಕ್ಕೆ ದೇಹತೂಕದ ಶೇ. 1.5ಕ್ಕಿಂತ ಹೆಚ್ಚು ಇಳಿಸಬಾರದೆಂಬ ಮಿತಿಯನ್ನೂ ತಂದರು. ಆ ಮಿತಿ ದೊಡ್ಡವರಿಗೆ ಹೇಳಿದ್ದು. ಬೆಳೆಯುವ ಹುಡುಗನಿಗೆ ಅದೂ ಹೆಚ್ಚೇ. ಕುಸ್ತಿಯಲ್ಲಿ ತೂಕ ನೋಡುವುದು ಪಂದ್ಯದ ದಿನ ಬೆಳಿಗ್ಗೆ. ಕಳೆದುಕೊಂಡ ನೀರು ಕೆಲವೇ ಗಂಟೆಗಳಲ್ಲಿ ಪೂರ್ತಿ ಮರಳಿ ಬರುವುದಿಲ್ಲ, ಮೊದಲ ಸುತ್ತಿನಲ್ಲೇ ಹಿಡಿತ ಸಡಿಲುತ್ತದೆ. ದಿನಾ ಬೆಳಿಗ್ಗೆ ಶೌಚದ ನಂತರ, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಎರಡು ವಾರದ ಸರಾಸರಿ 50ರ ಆಸುಪಾಸಿನಲ್ಲೇ ಇದ್ದರೆ 51ರ ವಿಭಾಗದಲ್ಲಿ ಆಡಿಸಿ, ಹೊಟ್ಟೆ ತುಂಬ ಊಟ ಕೊಡಿ.