ಯೆಸ್ಟರ್‌ಡೇ-ಟುಡೇ-ಟುಮಾರೋ ಗಿಡಕ್ಕೆ ಬೂದಿ ಬೇಡ

ಮೇಡಂ, ಮೊದಲು ಆ ಬೂದಿ ನಿಲ್ಲಿಸಿ. ಯೆಸ್ಟರ್‌ಡೇ-ಟುಡೇ-ಟುಮಾರೋ (ನೇರಳೆ ಹೂ ದಿನಕಳೆದಂತೆ ಬಿಳಿಯಾಗೋ ಗಿಡ) ಎಲೆ ಹಳದಿಯಾಯ್ತು ಅಂತ ಯೂರಿಯಾ ಕೊಟ್ಟೆ, ಬೂದಿ ಕೊಟ್ಟೆ, ಇನ್ನು ಮೊಟ್ಟೆ ಸಿಪ್ಪೆ ಹಾಕ್ತೀನಿ ಅಂತ ಬರೆದಿದ್ದೀರಿ. ನಾನೂ ಹಿಂದೆ ಬೂದಿಯನ್ನೇ ಹಾಕಿದ್ದೆ, ಹಳದಿ ಇನ್ನೂ ಜಾಸ್ತಿಯಾಯ್ತು. ನಿಮ್ಮ ಫೋಟೊ ದೊಡ್ಡದು ಮಾಡಿ ನೋಡಿ. ತುದಿಯ ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಇದು ಕಬ್ಬಿಣದ ಕೊರತೆ. ಕೆಳಗಿನ ಹಳೇ ಎಲೆ ಹೀಗಾಗಿದ್ರೆ ಮೆಗ್ನೀಸಿಯಂ ಅನ್ನಬಹುದಿತ್ತು, ಆಗ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಸರಿ. ಕುಂಡದ ಅಂಚಿಗೆ ಬಿಳಿ ಕಲೆ ಕಟ್ಟಿದೆಯಲ್ಲ, ಅದು ಬೋರ್‌ವೆಲ್ ನೀರಿನ ಸುಣ್ಣ. ಕ್ಷಾರ ಏರಿದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕಲ್ಲ. ಬ್ರೆಜಿಲ್ ಮೂಲದ ಈ ಗಿಡ ಹುಳಿ ಮಣ್ಣು ಕೇಳುತ್ತೆ, ನೀವು ಬೂದಿ ಹಾಕಿ ಸುಣ್ಣದ ಮೇಲೆ ಸುಣ್ಣ ಕೊಡ್ತಿದ್ದೀರಿ.

ನನಗೆ ಕೈಹಿಡಿದದ್ದು ಅನ್ನಭೇದಿ, ಅಂದ್ರೆ ಫೆರಸ್ ಸಲ್ಫೇಟ್ ಅನ್ನೋ ಕಬ್ಬಿಣದ ಉಪ್ಪು. ಲೀಟರ್ ನೀರಿಗೆ 3 ಗ್ರಾಂ, ಜೊತೆಗೆ 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್). ಮೊದಲು ನಿಂಬೆ ಉಪ್ಪು ಕರಗಿಸಿ, ಆಮೇಲೆ ಅನ್ನಭೇದಿ. ಮಳೆನೀರಾದರೆ ಇನ್ನೂ ಒಳ್ಳೇದು. ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ವಾರ ಹತ್ತು ದಿನ ಬಿಟ್ಟು ಮತ್ತೊಮ್ಮೆ. ಕಲಸಿದ್ದನ್ನು ಅವತ್ತೇ ಮುಗಿಸಿ. ಅಂಗಡಿಯಲ್ಲಿ ಹರಳು ನೋಡಿ ತಗೊಳ್ಳಿ: ತಿಳಿ ಹಸಿರಾಗಿದ್ದರೆ ತಾಜಾ, ಕಂದು ಪುಡಿಯಾಗಿದ್ದರೆ ವಾಪಸ್ ಕೊಡಿ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗಲ್ಲ, ಕುಂಡ ಆಚೆ ಇಟ್ಟು ಹೊಡೀರಿ. ಮೊದಲು ಒಂದೇ ಕೊಂಬೆಗೆ ಹೊಡೆದು ನೋಡಿ, ಎಲೆ ಸುಡದಿದ್ದರೆ ಇಡೀ ಗಿಡಕ್ಕೆ.

ಸಿಂಪಡಣೆ ಬರೀ ತಾತ್ಕಾಲಿಕ, ಬುಡಕ್ಕೂ ಕೊಡಬೇಕು. ಅಲ್ಲಿ ಚೀಲೇಟೆಡ್ ಕಬ್ಬಿಣವೇ ಸರಿ, ಅಂದ್ರೆ ಬೇರಿಗೆ ದಕ್ಕುವಂತೆ ಇನ್ನೊಂದು ರಾಸಾಯನಿಕ ಹಿಡಿದಿಟ್ಟ ಕಬ್ಬಿಣ. ಯಾವ ಕಂಪನಿಯದಾದರೂ ಪರವಾಗಿಲ್ಲ, ಪ್ಯಾಕೆಟ್ ಹಿಂದೆ ಆ ರಾಸಾಯನಿಕದ ಹೆಸರು ಇಡಿಡಿಎಚ್‌ಎ (EDDHA) ಅಂತ ಇರಬೇಕು. ಇಡಿಟಿಎ (EDTA) ಇರೋದು ಅಗ್ಗ, ಆದರೆ ಕ್ಷಾರ ಮಣ್ಣಲ್ಲಿ ನಿಲ್ಲಲ್ಲ. ಬಣ್ಣಬಣ್ಣದ ‘ಹೂವಿನ ಬೂಸ್ಟರ್’ ಬಾಟಲಿಗೆ ದುಡ್ಡು ಸುರಿಯಬೇಡಿ, ಒಳಗೇನಿದೆ ಅಂತ ಬರೆಯದ ಮಾಲನ್ನು ಯಾಕೆ ಕೊಳ್ತೀರಿ? ಗಂಧಕದ ಪುಡಿಯೂ ಮಣ್ಣನ್ನು ಹುಳಿ ಮಾಡುತ್ತೆ, ತಿಂಗಳುಗಟ್ಟಲೆ ಕಾಯಬೇಕಷ್ಟೇ. ಬುಡದಲ್ಲಿ ನೀರು ನಿಂತಿದ್ದರೂ ಇದೇ ಹಳದಿ ಬರುತ್ತೆ, ಕುಂಡದ ತೂತು ಒಮ್ಮೆ ನೋಡಿ.

ಈಗ ಕತ್ತರಿ ಹಾಕೋ ಯೋಚನೆ ಬಿಡಿ. ನೇರಳೆ, ತಿಳಿ ನೇರಳೆ, ಬಿಳಿ ಮೂರೂ ಬಣ್ಣ ಒಟ್ಟಿಗೆ ಕಾಣಬೇಕಂದ್ರೆ ಹೂ ಮುಗಿದ ಮೇಲೆಯೇ ಸವರಬೇಕು. ಮೊಗ್ಗಿಗೆ ಮುಂಚೆ ಕತ್ತರಿಸಿದರೆ ಆ ಸಲದ ಹೂ ಹೋಯ್ತು. ಮನೆಯಲ್ಲಿ ನಾಯಿ ಇದೆ ಅಂದ್ರಲ್ಲ, ಈ ಗಿಡದ ಕಾಯಿ, ಬೀಜ ನಾಯಿಗೆ ವಿಷ, ಫಿಟ್ಸ್ ಬರಿಸುತ್ತೆ. ಕಾಯಿ ಕಟ್ಟಿದ ತಕ್ಷಣ ಕಿತ್ತು ಬಿಸಾಕಿ, ಉದುರಿದ್ದನ್ನೂ ಗುಡಿಸಿ. ಪಕ್ಕದ ಕೇಪಳಕ್ಕೂ ಅದೇ ಹಳದಿ ಹಿಡಿದಿದೆ, ಅನ್ನಭೇದಿ ನೀರು ಉಳಿದರೆ ಅದಕ್ಕೂ ಹೊಡೀರಿ.