ಸೋತ ಮೇಲೆ ಕಂಡ ಗೂಢಚಾರ

ಮಧುಗಿರಿ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಜಾತ್ರೆಯ ಹೊನಲು ಬೆಳಕಿನ ಕಬಡ್ಡಿ ಫೈನಲ್‌ನಲ್ಲಿ ಅವರೂರಿನ ತಂಡ ಕೊರಟಗೆರೆ ಕಡೆಯ ತಂಡಕ್ಕೆ ಒಂದೇ ಪಾಯಿಂಟಿನಿಂದ ಸೋತಿದೆ. ಅದಕ್ಕೆ ಮೂರು ದಿನ ಮುಂಚೆ ಅವರದೇ ಊರಿನ ಹುಡುಗನೊಬ್ಬ ಶಾಲೆ ಮೈದಾನದಲ್ಲಿ ನಡೆಯುತ್ತಿದ್ದ ಪ್ರಾಕ್ಟೀಸನ್ನು ಮೊಬೈಲಿನಲ್ಲಿ ಹಿಡಿದಿದ್ದನಂತೆ. ಅವನ ಅಕ್ಕನನ್ನು ಕೊಟ್ಟಿರುವುದು ಎದುರಾಳಿಗಳ ಊರಿಗೆ. ‘ಭಾವನಿಗೆ ವಿಡಿಯೊ ಕಳಿಸಿ ನಮ್ಮ ಆಟವನ್ನೇ ಮಾರಿಕೊಂಡ, ಇಂಥ ದ್ರೋಹ ಜಗತ್ತಿನಲ್ಲೆಲ್ಲೂ ನಡೆದಿಲ್ಲ, ಅವನ ಹೆಸರು, ಫೋಟೊ ಹಾಕಿ’ ಎಂಬುದು ಪತ್ರದ ಒತ್ತಾಯ.

ಮಾನ್ಯರೇ,

ಹೆಸರನ್ನೂ ಹಾಕುವುದಿಲ್ಲ, ಫೋಟೊವನ್ನೂ ಹಾಕುವುದಿಲ್ಲ.

ಸಾಕ್ಷಿಯೆಂದು ನೀವು ಮುಂದಿಟ್ಟಿರುವುದು ನಂಟಸ್ತಿಕೆಯೊಂದನ್ನೇ. ಅಕ್ಕಪಕ್ಕದ ತಾಲ್ಲೂಕುಗಳು, ಹೆಣ್ಣು ಕೊಡುವುದು ತರುವುದು ತಲೆತಲಾಂತರದಿಂದ ನಡೆದಿದೆ. ಆ ಲೆಕ್ಕ ಹಿಡಿದರೆ ನಿಮ್ಮ ತಂಡದ ಏಳು ಜನರಲ್ಲೇ ಎಷ್ಟು ಮಂದಿಯನ್ನು ಹೊರಗೆ ಕೂರಿಸಬೇಕಾಗುತ್ತದೋ! ನಿಮ್ಮ ಬೀಗರು ಯಾವ ಊರಿನವರು ಎಂದು ನೀವೂ ಬರೆದಿಲ್ಲ.

ಆಟದಲ್ಲಿ ಕದ್ದು ನೋಡುವುದು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ದೊಡ್ಡವರೇ ಮಾಡಿದ್ದಾರೆ. 2019ರ ಜನವರಿಯಲ್ಲಿ ಇಂಗ್ಲೆಂಡಿನ ಡರ್ಬಿ ಕೌಂಟಿ ಫುಟ್‌ಬಾಲ್ ತಂಡದ ಅಭ್ಯಾಸದ ಮೈದಾನದಾಚೆ ಲೀಡ್ಸ್ ಯುನೈಟೆಡ್‌ನ ನೌಕರನೊಬ್ಬ ಪೊಲೀಸರ ಕೈಗೆ ಸಿಕ್ಕ. ಮರುದಿನ ಲೀಡ್ಸ್ 2-0ರಿಂದ ಗೆದ್ದಿತು. ಲೀಡ್ಸ್ ಕೋಚ್ ಮಾರ್ಸೆಲೊ ಬಿಯೆಲ್ಸಾ ಮುಚ್ಚಿಡಲಿಲ್ಲ. ಆ ಋತುವಿನಲ್ಲಿ ಎದುರಾದ ಎಲ್ಲ ತಂಡಗಳ ಅಭ್ಯಾಸವನ್ನೂ ನೋಡಿಸಿದ್ದೇನೆ ಎಂದು ಪತ್ರಕರ್ತರನ್ನು ಕರೆದು ಹೇಳಿದರು. ಎರಡು ಲಕ್ಷ ಪೌಂಡ್ ದಂಡ ಬಿತ್ತು. ಪಂದ್ಯಕ್ಕೆ 72 ಗಂಟೆ ಇರುವಾಗಿನಿಂದ ಎದುರಾಳಿಯ ಅಭ್ಯಾಸ ನೋಡಕೂಡದು ಎಂಬ ನಿಯಮವನ್ನು ಲೀಗ್ ತಂದದ್ದು ಆಮೇಲೆಯೇ. ಇದರ ಮುಂದಿನ ಕಥೆ ನಿಮಗೆ ಹಿಡಿಸಬಹುದು: ಅದೇ ಮೇ ತಿಂಗಳಲ್ಲಿ, ಪ್ಲೇಆಫ್‌ನಲ್ಲಿ, ಇಷ್ಟೆಲ್ಲ ತಿಳಿದುಕೊಂಡಿದ್ದ ಲೀಡ್ಸನ್ನು ಅದರ ಮನೆಯಂಗಳದಲ್ಲೇ 4-2ರಿಂದ ಸೋಲಿಸಿ ಡರ್ಬಿ ಫೈನಲ್‌ಗೆ ಹೋಯಿತು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಂತೂ ನ್ಯೂಜಿಲೆಂಡ್ ವನಿತೆಯರ ಫುಟ್‌ಬಾಲ್ ತಂಡ ಅಭ್ಯಾಸ ಮಾಡುತ್ತಿದ್ದಾಗ ತಲೆಯ ಮೇಲೆಯೇ ಡ್ರೋನ್ ಹಾರಿತು. ಹಾರಿಸಿದವನು ಕೆನಡಾ ತಂಡದವನು. ಕೆನಡಾಕ್ಕೆ ಆರು ಪಾಯಿಂಟ್ ಕಡಿತ, ಕೋಚ್‌ಗೆ ಒಂದು ವರ್ಷ ನಿಷೇಧ.

ಈ ಎರಡೂ ಪ್ರಕರಣಗಳಲ್ಲಿ ತಪ್ಪು ಸಿಕ್ಕಿಬಿದ್ದದ್ದು ಪಂದ್ಯಕ್ಕೆ ಮುಂಚೆ. ನ್ಯೂಜಿಲೆಂಡಿನವರು ಡ್ರೋನ್ ಕಂಡ ಕೂಡಲೇ ದೂರು ಕೊಟ್ಟರು. ಸೋಲು ಗೆಲುವು ಇನ್ನೂ ಗೊತ್ತೇ ಇರಲಿಲ್ಲ. ನಿಮ್ಮಲ್ಲಿ ನಡೆದದ್ದೇನು? ಹುಡುಗ ಎಲ್ಲರ ಕಣ್ಣೆದುರೇ ನಿಂತು ವಿಡಿಯೊ ತೆಗೆದ. ನಿಮ್ಮ ಪತ್ರದ ಎರಡನೇ ಪುಟದಲ್ಲೇ ಇದೆ: ನಿಮ್ಮ ಕ್ಯಾಪ್ಟನ್ ‘ನನಗೂ ಕಳಿಸೋ’ ಎಂದು ಕೇಳಿ ತರಿಸಿಕೊಂಡು ಸ್ಟೇಟಸ್‌ಗೆ ಹಾಕಿಕೊಂಡಿದ್ದಾನೆ. ಗುರುವಾರ ಸ್ಟೇಟಸ್‌ನಲ್ಲಿ ಊರೆಲ್ಲ ನೋಡಿದ್ದು ಭಾನುವಾರ ರಾತ್ರಿ ಗುಟ್ಟು ಹೇಗಾಯಿತು?

ಇನ್ನು ಆಟದ ಮಾತು. ‘ನಮ್ಮ ರೈಡರ್ ಬಲಗಡೆಗೇ ಹೋಗುತ್ತಾನೆಂದು ಅವರಿಗೆ ಮೊದಲೇ ಗೊತ್ತಿತ್ತು’ ಎಂದಿದ್ದೀರಿ. ಎರಡು ರೈಡ್ ಖಾಲಿ ಬಂದರೆ ಮೂರನೆಯದು ಡು ಆರ್ ಡೈ. ಪಾಯಿಂಟ್ ತರದಿದ್ದರೆ ರೈಡರ್ ಔಟ್. ಅಂಥ ರೈಡಿನಲ್ಲೆಲ್ಲ ಅವನು ಒಂದೇ ಮೂಲೆಗೆ ಹೋಗಿ ಟೋ ಟಚ್‌ಗೆ ಕಾಲು ಚಾಚಿದ್ದಾನೆ, ಕಾರ್ನರ್‌ನವನು ಕಣಕಾಲು ಹಿಡಿದಿದ್ದಾನೆ. ಮೊದಲ ಹಾಫ್‌ನಲ್ಲಿ ಕಡಲೆಕಾಯಿ ತಿನ್ನುತ್ತ ಕೂತವರಿಗೂ ಅದು ತಿಳಿದಿರುತ್ತದೆ. ಎದುರಾಳಿ ಕೋಚ್‌ಗೆ ಬೇಕಿದ್ದದ್ದು ವಿಡಿಯೊ ಅಲ್ಲ, ಬರೀ ಕಣ್ಣು. ಹಾಫ್ ಟೈಮಿನಲ್ಲಿ ‘ದಿಕ್ಕು ಬದಲಿಸೋ’ ಎಂದು ಅವನಿಗೆ ಯಾರೂ ಹೇಳಲಿಲ್ಲವೇ?

ಇಷ್ಟರ ನಡುವೆ ನಿಮ್ಮ ನಿಜವಾದ ತಕರಾರು ಕೊನೆಯ ಪುಟದ ಅಂಚಿನಲ್ಲಿ ಒಂದೇ ಸಾಲಿನಲ್ಲಿ ಅವಿತಿದೆ: ‘ಎರಡನೇ ಹಾಫ್‌ನಲ್ಲಿ ಅವರು ಆರು ಜನ ಇದ್ದರೂ ನಮಗೆ ಬೋನಸ್ ಕೊಡಲಿಲ್ಲ.’ ಅಂಕಣದಲ್ಲಿ ಆರು ಅಥವಾ ಏಳು ಮಂದಿ ಇದ್ದಾಗ ರೈಡರ್‌ನ ಒಂದು ಕಾಲು ಬೋನಸ್ ಗೆರೆ ದಾಟಿ, ಇನ್ನೊಂದು ಕಾಲು ಗಾಳಿಯಲ್ಲಿದ್ದರೆ ಪಾಯಿಂಟ್ ಸಲ್ಲಬೇಕು. ಐವರಿದ್ದರೆ ಇಲ್ಲ. ಅಂಪೈರ್ ತಲೆ ಎಣಿಸುವಾಗ ತಪ್ಪಿದ್ದರೆ ನಿಮಗೆ ನಿಜಕ್ಕೂ ಅನ್ಯಾಯವಾಗಿದೆ. ಒಂದು ಪಾಯಿಂಟಿನ ಸೋಲು ಅಲ್ಲಿಗೆ ಸಮ. ಇದಕ್ಕೆ ನಾಲ್ಕು ಪುಟ ಬರೆದು ಆಯೋಜಕರಿಗೆ ಕೊಡಬೇಕಿತ್ತು.

ಪಂದ್ಯದ ದಿನವೂ ಆ ಹುಡುಗ ಅಂಕಣದ ಪಕ್ಕ ಮೊಬೈಲ್ ಹಿಡಿದು ನಿಂತಿದ್ದ ಎಂದು ನೀವೇ ಬರೆದಿದ್ದೀರಿ. ಆ ರೈಡ್ ಅವನ ಮೊಬೈಲಿನಲ್ಲಿ ಇದ್ದೀತು. ಆದರೆ ದ್ರೋಹಿ ಎನಿಸಿಕೊಂಡವನು ಈಗ ಕೊಡುತ್ತಾನೋ ಇಲ್ಲವೋ; ಕೇಳಲು ನಿಮ್ಮ ಕ್ಯಾಪ್ಟನ್‌ನನ್ನೇ ಕಳಿಸುವುದು ಮೇಲು. ವಿಡಿಯೊ ಸಿಕ್ಕರೆ ನಮಗೂ ಒಂದು ಪ್ರತಿ ಕಳಿಸಿ. ಆರು ತಲೆ ಕಂಡರೆ ಬೋನಸ್ ವಿಚಾರವನ್ನು ಖಂಡಿತ ಬರೆಯೋಣ. ಹುಡುಗನ ಫೋಟೊವನ್ನು ಈ ಉತ್ತರದ ಜೊತೆ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇವೆ.

— ಸಂಪಾದಕ