ಅರ್ಧ ಲೀಟರ್ ಹಾಲು ಮನೆಯಲ್ಲೇ ಉಳಿಯಲಿ

ತಿಪಟೂರು ತಾಲ್ಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದ ದೀರ್ಘ ಪತ್ರ ಕಳೆದ ತಿಂಗಳು ನಮ್ಮ ಕೈಸೇರಿತು. ಹೆಸರು ಪ್ರಕಟಿಸಬಾರದೆಂದು ಅವರು ಕೋರಿದ್ದಾರೆ. ಎರಡೂವರೆ ಎಕರೆ ತೆಂಗಿನ ತೋಟ, ಮನೆಗಾಗುವಷ್ಟು ರಾಗಿ ಬೆಳೆಯುವ ಹೊಲ, ಎರಡು ಹಸು ಇರುವ ಸಂಸಾರ ಅವರದು. ಮನೆಯಲ್ಲಿ ಅತ್ತೆ, ಯಜಮಾನರು ಮತ್ತು ಎಂಟು ವರ್ಷದ ಮಗಳು ಇದ್ದಾರೆ. ಮಗ ತುಮಕೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾನೆ. ಕೊಬ್ಬರಿಯ ಹಣ ವರ್ಷಕ್ಕೆ ಒಂದೆರಡು ಸಲ ಗಂಟಾಗಿ ಬರುತ್ತದೆ, ಡೇರಿಯ ಬಟವಾಡೆ ಹದಿನೈದು ದಿನಕ್ಕೊಮ್ಮೆ ಆಗುತ್ತದೆ, ಖರ್ಚು ಮಾತ್ರ ದಿನವೂ ಇರುತ್ತದೆ. "ಈ ವರ್ಷ ಏನಾದರೂ ಉಳಿಸಲೇಬೇಕು, ಮನೆ ಖರ್ಚು ಇಳಿಸು" ಎಂದು ಯಜಮಾನರು ಹೇಳಿರುವುದರಿಂದ, ತಿಂಗಳಿಗೆ 6,800 ರೂಪಾಯಿಯ ಮನೆಖರ್ಚಿನ ಪಟ್ಟಿಯನ್ನು ಬರೆದು ಕಳುಹಿಸಿ, ಇದರಲ್ಲಿ ಇನ್ನೆಲ್ಲಿ ಕತ್ತರಿ ಹಾಕಬಹುದು ಎಂದು ಅವರು ಕೇಳಿದ್ದಾರೆ.

ಸಹೋದರಿ, ನೇರವಾದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅಡುಗೆಮನೆಯಿಂದ ಇನ್ನೊಂದು ರೂಪಾಯಿಯನ್ನೂ ಕಡಿಮೆ ಮಾಡಬೇಡಿ. ನಿಮ್ಮ ಮನೆಯ ಹಣ ಸೋರುತ್ತಿರುವುದು ಅಲ್ಲಿಂದಲ್ಲ.

ನಿಮ್ಮ ಯಜಮಾನರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ಮಳೆಯನ್ನೂ ಮಾರುಕಟ್ಟೆಯನ್ನೂ ನಂಬಿ ಬದುಕುವ ಮನೆಗೆ ಕೈಯಲ್ಲಿ ನಾಲ್ಕು ಕಾಸು ಇರಲೇಬೇಕು. ಅಂಗಡಿಯ ಪೊಟ್ಟಣದ ತಿಂಡಿಗೆ ಹಳ್ಳಿಗಳಲ್ಲಿ ಹೋಗುತ್ತಿರುವ ಹಣವೂ ಕಡಿಮೆಯದಲ್ಲ. ಕೇಂದ್ರ ಸರ್ಕಾರ 2022-23ರಲ್ಲಿ ನಡೆಸಿದ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ, ದೇಶದ ಗ್ರಾಮೀಣ ಕುಟುಂಬಗಳ ಒಟ್ಟು ಖರ್ಚಿನಲ್ಲಿ ಅಕ್ಕಿ, ಗೋಧಿ, ರಾಗಿ ಮುಂತಾದ ಧಾನ್ಯಗಳಿಗೆ ಹೋಗುವುದು ಶೇ. 5ರಷ್ಟು, ಪಾನೀಯ ಮತ್ತು ಸಿದ್ಧ ತಿನಿಸುಗಳಿಗೆ ಹೋಗುವುದು ಶೇ. 9.6. ಆದರೆ ಈ ಎರಡನೆಯ ಬಾಬಿನಲ್ಲಿ ಪೇಟೆಗೆ ಹೋದಾಗ ಹೋಟೆಲಿನಲ್ಲಿ ಮಾಡುವ ಊಟ, ತಿಂಡಿ, ಚಹಾ ಕೂಡ ಸೇರಿದೆ ಎಂಬುದನ್ನು ಮರೆಯಬಾರದು. ಆ ಖರ್ಚು ಯಾವ ಗೃಹಿಣಿಯ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ನಿಮ್ಮ ಪುಸ್ತಕದಲ್ಲೂ ಅದಿಲ್ಲ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಗೆರೆಯೆಳೆದ ನೋಟ್‌ಪುಸ್ತಕದ ಐದು ಹಾಳೆಗಳ ತುಂಬ ಅಡುಗೆ ಎಣ್ಣೆ, ತೊಗರಿಬೇಳೆ, ಬೆಲ್ಲ, ಬಟ್ಟೆ ಸೋಪು, ಸಂತೆಯ ಸೊಪ್ಪು, ಅತ್ತೆಯವರ ಬಿ.ಪಿ. ಮಾತ್ರೆ, ಮಗಳ ಪೆನ್ಸಿಲ್ ಎಲ್ಲವನ್ನೂ ಬರೆದಿದ್ದೀರಿ. ಹಾಲಿನ ಸಾಲಿನ ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ, "ಮನೆಗೆ ಇಟ್ಟುಕೊಳ್ಳುವ ಅರ್ಧ ಲೀಟರ್ ನಿಲ್ಲಿಸಬಹುದೇ? ಡೇರಿಗೆ ಹಾಕಿದರೆ ತಿಂಗಳಿಗೆ 600 ಉಳಿಯುತ್ತದೆ" ಎಂಬ ಪ್ರಶ್ನೆಯಿದೆ. ಇಷ್ಟೆಲ್ಲ ಆದಮೇಲೆ ಕೊನೆಯ ಹಾಳೆಯಲ್ಲಿ ಮೂರೇ ಮೂರು ವಾಕ್ಯಗಳಿವೆ. ಎರಡು ಬೋರ್‌ವೆಲ್ ಕೊರೆಸಿದೆವು, ಒಂದರಲ್ಲಿ ನೀರು ಬರಲಿಲ್ಲ. ನಾದಿನಿಯ ಮಗಳ ಮದುವೆಗೆಂದು ನನ್ನ ಹೆಸರಿನಲ್ಲಿ ಸಂಘದ ಮೂಲಕ 50,000 ಸಾಲ ತೆಗೆದೆವು, ವಾರಕ್ಕೆ 610ರಂತೆ ಎರಡು ವರ್ಷದ ಕಂತು. ಈ ಸಲದ ಕೊಬ್ಬರಿ ಹಣದಲ್ಲಿ ಮೂರನೇ ಬೋರ್ ಕೊರೆಸುವ ಯೋಚನೆ ಇದೆ. ಪೆನ್ಸಿಲ್ಲಿನ ಬೆಲೆಯನ್ನು ಬರೆದ ನೀವು ನೀರು ಬಾರದ ಬೋರ್‌ವೆಲ್ಲಿಗೆ ಎಷ್ಟು ಹಣ ಹೋಯಿತೆಂದು ಬರೆದಿಲ್ಲ. ಇದಕ್ಕಾಗಿ ನಿಮ್ಮ ಮೇಲೆ ನನಗೆ ಸ್ವಲ್ಪ ಕೋಪವೇ ಇದೆ.

ಬನ್ನಿ, ನೀವು ಬಿಟ್ಟ ಲೆಕ್ಕವನ್ನು ಹಾಕೋಣ. ನಿಮ್ಮ ಸೀಮೆಯಲ್ಲಿ ಎಂಟುನೂರು, ಸಾವಿರ ಅಡಿ ಇಳಿಯದೆ ನೀರಿನ ಮಾತಿಲ್ಲ. ಕೊರೆತದ ಕೂಲಿ, ಕೇಸಿಂಗ್ ಪೈಪು ಸೇರಿದರೆ ಖರ್ಚು ಲಕ್ಷ ದಾಟುತ್ತದೆ. ಲಕ್ಷವೆಂದೇ ಹಿಡಿದರೂ ಅದು ನಿಮ್ಮ ಮನೆಯ ಹದಿನಾಲ್ಕು ತಿಂಗಳಿಗೂ ಮೀರಿದ ಖರ್ಚು. ಇನ್ನು ಆ ಸಾಲ. ವಾರಕ್ಕೆ 610ರಂತೆ 104 ವಾರ ಕಟ್ಟಿದರೆ 63,440 ರೂಪಾಯಿ ಆಗುತ್ತದೆ, ಅಂದರೆ ಬಡ್ಡಿಯೇ 13,440. ಮಗಳ ಹಾಲನ್ನು ನಿಲ್ಲಿಸಿ ತಿಂಗಳಿಗೆ 600 ಉಳಿಸಿದಿರೆಂದೇ ಇಟ್ಟುಕೊಳ್ಳಿ; ಆ ಬಡ್ಡಿಯೊಂದನ್ನು ತುಂಬಲು ಇಪ್ಪತ್ತೆರಡು ತಿಂಗಳು ಸಾಲುವುದಿಲ್ಲ. ಗೃಹಲಕ್ಷ್ಮಿಯ 2,000 ಬಂದ ತಿಂಗಳೂ ನಾಲ್ಕು ವಾರದ ಕಂತಾದ 2,440ಕ್ಕೆ ಅದು ಸಾಕಾಗುವುದಿಲ್ಲ. ಸರ್ಕಾರ 2023ರ ಆಗಸ್ಟಿನಲ್ಲಿ ಮನೆಯೊಡತಿಯ ಕೈಗೆಂದು ಆರಂಭಿಸಿದ ಹಣ ಯಾರದೋ ಮದುವೆಯ ಛತ್ರದ ಬಾಡಿಗೆಗೆ ಸಂದಾಯವಾಗುತ್ತಿದೆ.

ಹಳ್ಳಿಯ ಮನೆಗಳಲ್ಲಿ ದೊಡ್ಡ ಖರ್ಚುಗಳು ಜಗಲಿಯ ಮೇಲೆ ನಿರ್ಧಾರವಾಗುತ್ತವೆ, ಉಳಿತಾಯದ ಭಾರ ಮಾತ್ರ ಒಳಮನೆಗೆ ಬರುತ್ತದೆ. ಬೋರ್ ಎಲ್ಲಿ ಕೊರೆಸಬೇಕು, ಟ್ರ್ಯಾಕ್ಟರ್ ಯಾವುದು ಕೊಳ್ಳಬೇಕು, ಬೀಗರೂಟಕ್ಕೆ ಎಷ್ಟು ಕುರಿ ಕಡಿಯಬೇಕು, ಯಾರಿಗೆ ಎಷ್ಟು ಕೈಗಡ ಕೊಡಬೇಕು ಎಂಬುದನ್ನು ತೀರ್ಮಾನಿಸುವಾಗ ಹೆಂಗಸರು ಕಾಫಿಯ ಲೋಟಗಳನ್ನು ತಂದಿಟ್ಟು ಹೋಗಿರುತ್ತಾರೆ. ಮುಯ್ಯಿಯ ವಿಷಯವನ್ನೇ ನೋಡಿ. ನಮ್ಮ ಹಿರಿಯರು ಮದುವೆ ಮಾಡುವ ಮನೆಗೆ ಆಸರೆಯಾಗಲೆಂದು ಅಕ್ಕಿ, ಬೇಳೆ, ಕೈಲಾದಷ್ಟು ಹಣ ಕೊಡುತ್ತಿದ್ದರು. ಅವರ ಸರದಿ ಬಂದಾಗ ಅದು ಹಿಂದಿರುಗುತ್ತಿತ್ತು. ಅಂಥ ಒಳ್ಳೆಯ ಏರ್ಪಾಡು ಈಗ ಸಾಲ ಮಾಡಿಯಾದರೂ ಮುಯ್ಯಿ ತೀರಿಸಬೇಕೆಂಬ ಹಟವಾಗಿ ಬೆಳೆದಿದೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ತವರಿನಿಂದ ಹೊರಡುವ ಹೆಣ್ಣುಮಗಳಿಗೆ ಹೇಳದ ಹಿರಿಯರಿಲ್ಲ. ಛತ್ರ ಗೊತ್ತುಮಾಡಲು ಹೊರಟ ಗಂಡಸಿಗೆ ಅದನ್ನು ಹೇಳಿದವರನ್ನು ನಾನು ಕಂಡಿಲ್ಲ.

ಇದೇ ಮಾತಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಗುತ್ತದೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಕೆಯ ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಹೆಣ್ಣುಮಕ್ಕಳಿಗೆ ಮಿತವ್ಯಯದ ಪಾಠವಾಗಿ ಹೇಳುವುದು ರೂಢಿಯಾಗಿದೆ. ನಾನು ಅದನ್ನು ಹಾಗೆ ಓದುವುದಿಲ್ಲ. ಮನೆಗೆ ಎಷ್ಟು ಬೇಕು, ಯಾವುದು ಹೆಚ್ಚು ಎಂದು ತೀರ್ಮಾನಿಸುವ ಅಧಿಕಾರ ಲಕ್ಕಮ್ಮನದಾಗಿತ್ತು, ಮಾರಯ್ಯ ಆ ಮಾತನ್ನು ನಡೆಸಿಕೊಟ್ಟ. ಎಂಟುನೂರು ವರ್ಷಗಳ ಮೇಲೂ ನಾವು ಅವಳ ಮಿತವನ್ನು ಹೊಗಳುತ್ತೇವೆ, ಅಧಿಕಾರವನ್ನು ಮಾತ್ರ ನಮ್ಮ ಮನೆಯ ಹೆಂಗಸರಿಗೆ ಕೊಡುವುದಿಲ್ಲ.

ಇನ್ನೊಂದು ಮಾತಿಗೂ ನಿಮ್ಮನ್ನು ಗದರಬೇಕಾಗಿದೆ. ನಿಮ್ಮ ಲೆಕ್ಕದಲ್ಲಿ ಖರ್ಚಿನ ಕಡೆ ಮಾತ್ರ ನೀವಿದ್ದೀರಿ, ಆದಾಯದ ಕಡೆ ನಿಮ್ಮ ಸುಳಿವೇ ಇಲ್ಲ. ಬೆಳಗಿನ ಜಾವ ಎದ್ದು ಹಾಲು ಕರೆಯುವವರು ಯಾರು? ಸಗಣಿ ಬಾಚುವವರು, ಮೇವು ಕೊಯ್ದು ತರುವವರು, ಕ್ಯಾನು ಹಿಡಿದು ಡೇರಿಯ ಸಾಲಿನಲ್ಲಿ ನಿಲ್ಲುವವರು ಯಾರು? ಹಿಂಡಿ, ಬೂಸಾದ ಬಾಬ್ತು ಮುರಿದುಕೊಂಡು ಡೇರಿಯವರು ಕೊಡುವ ಬಟವಾಡೆ ಬಹುಪಾಲು ನಿಮ್ಮ ಕೂಲಿಯೇ. ಹಿತ್ತಿಲಿನ ನುಗ್ಗೆ, ಕರಿಬೇವು, ಬದನೆ, ಹೊಲದ ಬದುವಿನ ಅವರೆ, ಕಣಜದ ರಾಗಿ ಇವೆಲ್ಲಕ್ಕೂ ಸಂತೆಯ ಬೆಲೆ ಕಟ್ಟಿ ಒಂದು ತಿಂಗಳು ಬರೆದು ನೋಡಿ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ, ಅಂಥ ಕೆಲಸ ಮಾಡುವ ಪುರುಷರು ಕೊಡುವುದು 88 ನಿಮಿಷ. ಇಷ್ಟು ದುಡಿಯುವವರೇ ಖರ್ಚು ಕಡಿಮೆ ಮಾಡಬೇಕಾದಾಗ ಮೊದಲು ತಮ್ಮ ತಟ್ಟೆಯಿಂದ ತೆಗೆಯುತ್ತಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ರಕ್ತಹೀನತೆ ಇತ್ತು. ಎರಡು ಹಸು ಕಟ್ಟಿಕೊಂಡ ಮನೆಯ ಮಗು ಹಾಲಿಲ್ಲದೆ ಮಲಗುವುದನ್ನು ಉಳಿತಾಯವೆಂದು ನಾನು ಒಪ್ಪಲಾರೆ.

ಹಣ ಯಾರ ಹೆಸರಿನಲ್ಲಿರಬೇಕು ಎಂಬುದೂ ಮುಖ್ಯ. ನಮ್ಮ ಚಿಕ್ಕಮ್ಮ ಡೇರಿಯ ಹಣದಲ್ಲಿ ಮುರಿದು ಮುರಿದು ಉಳಿಸಿದ್ದನ್ನು ಹಳೆಯ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದರು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ ಅದನ್ನೆಲ್ಲ ಹೊರತೆಗೆದು ಚಿಕ್ಕಪ್ಪನ ಕೈಗೆ ಕೊಡದೆ ಬೇರೆ ದಾರಿ ಇರಲಿಲ್ಲ, ಏಕೆಂದರೆ ಅವರಿಗೆ ಬ್ಯಾಂಕಿನಲ್ಲಿ ಖಾತೆಯೇ ಇರಲಿಲ್ಲ. ಹಣ ಚಿಕ್ಕಪ್ಪನ ಖಾತೆಗೆ ಜಮೆಯಾಯಿತು, ಟ್ರ್ಯಾಕ್ಟರಿನ ಟೈರಿಗೆ ಹೋಯಿತು. ಕದ್ದಿಡುವ ಉಳಿತಾಯಕ್ಕೆ ಇಂಥ ಗತಿ ಎಂದಾದರೂ ಬಂದೇ ಬರುತ್ತದೆ. ಆದ್ದರಿಂದ ಬಟವಾಡೆ ನಿಮ್ಮದೇ ಖಾತೆಗೆ ಬರುವಂತೆ ಡೇರಿಯ ಕಾರ್ಯದರ್ಶಿಗೆ ಬರೆದುಕೊಡಿ. ಸದಸ್ಯತ್ವ ಯಜಮಾನರ ಹೆಸರಿನಲ್ಲಿದ್ದರೆ ನೀವೂ ಸದಸ್ಯರಾಗಿ. ಲೀಟರಿಗೆ 5 ರೂಪಾಯಿಯ ಸರ್ಕಾರದ ಪ್ರೋತ್ಸಾಹಧನ ತಡವಾಗಿ, ಕೆಲವು ತಿಂಗಳದ್ದು ಒಟ್ಟಾಗಿ ಬೀಳುವುದುಂಟು. ಅದನ್ನು ದಿನದ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳದೆ ಹಾಗೆಯೇ ಉಳಿತಾಯಕ್ಕೆ ಬಿಡಿ.

ಗಂಟಾಗಿ ಬರುವ ಹಣದ ವಿಚಾರದಲ್ಲಿ ತಿಪಟೂರು ಸೀಮೆಯವರಿಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ. ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಕಾದು ಉಂಡೆ ಕೊಬ್ಬರಿ ಮಾಡಿ ಮಾರುವ ಜನ ನೀವು. ಕಾಯಿಗೆ ತೋರಿಸುವ ಆ ತಾಳ್ಮೆ ಹಣ ಕೈಗೆ ಬಂದ ದಿನವೇ ಕರಗಿಹೋಗುತ್ತದೆ, ಏಕೆಂದರೆ ಅಂದು ಮನೆ ಬಾಗಿಲಿಗೆ ಹಳೆಯ ಸಾಲ, ಹೊಸ ಆಸೆ ಎರಡೂ ಒಟ್ಟಿಗೆ ಬಂದು ನಿಂತಿರುತ್ತವೆ. ಈ ಸಲ ಮಂಡಿಯ ಹಣ ಬಂದ ದಿನ, ಬೇರೆ ಯಾರಿಗೂ ಕೊಡುವ ಮೊದಲು, ಆರು ತಿಂಗಳ ಮನೆಖರ್ಚಿನ 40,800 ರೂಪಾಯಿಯನ್ನು ನಿಮ್ಮ ಖಾತೆಗೆ ಹಾಕಿಸಿಕೊಳ್ಳಿ. ಆಮೇಲೆ ಮಗನ ಹಾಸ್ಟೆಲಿನ ಶುಲ್ಕ, ಆಮೇಲೆ ಸಂಘದ ಸಾಲದ ಉಳಿದ ಅಸಲನ್ನು ಅವಧಿಗೆ ಮೊದಲೇ ತೀರಿಸಲು ಆಗುವುದೇ ಎಂಬ ವಿಚಾರಣೆ. ವರ್ಷಕ್ಕೆ ಶೇ. 20ಕ್ಕೂ ಮೇಲಿನ ಬಡ್ಡಿಯ ಸಾಲವನ್ನು ತಲೆಯ ಮೇಲಿಟ್ಟುಕೊಂಡು ಬೇರೆಡೆ ಶೇ. 7ರ ಠೇವಣಿ ಇಡುವುದರಲ್ಲಿ ಅರ್ಥವಿಲ್ಲ.

ಬೇಸಾಯದ ಖರ್ಚಿಗೆ ಕೊಬ್ಬರಿಯ ಹಣವನ್ನೇ ಮುರಿಯಬೇಕಾಗಿಯೂ ಇಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದು ಸಾಹುಕಾರರ ಬಡ್ಡಿಯಿಂದ ಊರು ಪಾರಾಗಲೆಂದು. ಆ ಪರಂಪರೆಯ ಸಂಘಗಳು ಇಂದು ನಮ್ಮ ಹೋಬಳಿ ಹೋಬಳಿಗಳಲ್ಲಿವೆ. ಹೊತ್ತಿಗೆ ಸರಿಯಾಗಿ ಮರುಪಾವತಿ ಮಾಡುವವರಿಗೆ ಬೆಳೆಸಾಲ ಬಡ್ಡಿಯಿಲ್ಲದೆ ದೊರೆಯುತ್ತದೆ, ಅದರ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಪಹಣಿ ಗಂಡಸರ ಹೆಸರಿನಲ್ಲಿರುವುದರಿಂದ ಬಡ್ಡಿಯಿಲ್ಲದ ಈ ಸಾಲ ಅವರಿಗೆ ಸಿಗುತ್ತದೆ, ವಾರದ ಕಂತಿನ ದುಬಾರಿ ಸಾಲ ಹೆಂಗಸರ ಗುಂಪುಗಳಿಗೆ ಸಿಗುತ್ತದೆ. ಕಂತು ತಪ್ಪಿದಾಗ ವಸೂಲಿಗಾರ ಕೂಗಿ ಕರೆಯುವುದೂ ಅವರ ಹೆಸರನ್ನೇ. 2025ರ ಆರಂಭದಲ್ಲಿ ಮೈಸೂರು, ಚಾಮರಾಜನಗರದ ಕಡೆ ಹಲವು ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು, ಆ ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯಲು ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಇಷ್ಟಾದ ಮೇಲೂ ಆರ್ಥಿಕ ಸಾಕ್ಷರತೆಯ ಶಿಬಿರವೆಂದರೆ ಹೆಂಗಸರನ್ನು ಸಮುದಾಯ ಭವನದಲ್ಲಿ ಕೂರಿಸಿ, ಖರ್ಚು ಹೇಗೆ ತಗ್ಗಿಸಬೇಕೆಂದು ಉಪದೇಶ ಮಾಡುವುದೇ ಆಗಿದೆ. ಅವರಿಗೆ ಆ ವಿದ್ಯೆ ಹುಟ್ಟಿನಿಂದಲೇ ಬಂದಿದೆ. ಶಿಬಿರಗಳು ನಡೆಯಬೇಕಾಗಿರುವುದು ಅರಳಿಕಟ್ಟೆಯಲ್ಲಿ, ಅಲ್ಲಿ ಕೂರುವವರಿಗಾಗಿ.

ಉಳಿತಾಯ ಎಲ್ಲಿ ಎಂದು ಕೇಳಿದ್ದೀರಿ. ಊರಿನಲ್ಲಿ ಹೆಚ್ಚು ಬಡ್ಡಿಯ ಆಸೆ ತೋರಿಸುವ ಖಾಸಗಿ ಚೀಟಿಗಳ ಕಡೆ ತಿರುಗಿ ನೋಡಬೇಡಿ. ಅಂಚೆ ಕಚೇರಿಯ ಐದು ವರ್ಷದ ಆವರ್ತ ಠೇವಣಿಯನ್ನು ತಿಂಗಳಿಗೆ 100 ರೂಪಾಯಿಯಿಂದಲೂ ಆರಂಭಿಸಬಹುದು. ಮಗಳಿಗೆ ಹತ್ತು ತುಂಬುವ ಮೊದಲು ಸುಕನ್ಯಾ ಸಮೃದ್ಧಿ ಖಾತೆ ತೆರೆಯಲೇಬೇಕು. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ಜೀವಂತವಾಗಿರುತ್ತದೆ, 2024ರ ಆರಂಭದಲ್ಲಿ ಅದರ ಬಡ್ಡಿಯನ್ನು ಶೇ. 8.2ಕ್ಕೆ ಏರಿಸಿದ್ದಾರೆ. ಮರ ಹತ್ತುವವರೂ ಮೋಟಾರಿನ ಸ್ವಿಚ್ ಮುಟ್ಟುವವರೂ ಇರುವ ಮನೆಗೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಅಪಘಾತ ವಿಮೆ ಅಗತ್ಯ. ನಿಮ್ಮಿಬ್ಬರ ಖಾತೆಗಳಿಂದಲೂ ಅದು ಕಡಿತವಾಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ.

ಈ ಉತ್ತರವನ್ನು ಯಜಮಾನರಿಗೆ ತೋರಿಸಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಖಂಡಿತ ತೋರಿಸಿ. ಅವರು ಕೆಟ್ಟವರಲ್ಲ, ದುಡಿಯುವವರು ಎಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ತೋಟ ಒಣಗಿದರೆ ಮನೆಯೇ ಒಣಗುತ್ತದೆಂಬ ಅವರ ಆತಂಕವೂ ನನಗೆ ಅರ್ಥವಾಗುತ್ತದೆ. ಆದರೆ ತುಮಕೂರು ಜಿಲ್ಲೆಯ ಹಲವು ತಾಲ್ಲೂಕುಗಳಲ್ಲಿ ಭೂಮಿಗೆ ಇಂಗುವ ನೀರಿಗಿಂತ ಮೇಲೆತ್ತುವ ನೀರೇ ಹೆಚ್ಚಾಗಿದೆ. ಮೂರನೇ ಬೋರ್‌ವೆಲ್ಲಿಗೆ ಮುಂಗಡ ಕೊಡುವ ಮೊದಲು ಅವರು ಜಿಲ್ಲಾ ಅಂತರ್ಜಲ ಕಚೇರಿಗೆ ಹೋಗಿ ಭೂವಿಜ್ಞಾನಿಯ ಅಭಿಪ್ರಾಯ ಪಡೆಯಲಿ. ಇರುವ ಒಂದು ಬೋರಿನ ನೀರಿಗೆ ಹನಿ ನೀರಾವರಿ ಅಳವಡಿಸಲು ಎಷ್ಟಾಗುತ್ತದೆ, ಸಹಾಯಧನ ಎಷ್ಟು ಸಿಗುತ್ತದೆ ಎಂದು ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಲಿ. ಆ ಎರಡು ಮೊತ್ತಗಳನ್ನೂ, ಹಿಂದೆ ನೀರು ಬಾರದ ಬೋರಿಗೆ ಹೋದ ಹಣವನ್ನೂ ನಿಮ್ಮ ನೋಟ್‌ಪುಸ್ತಕದ ಆರನೇ ಹಾಳೆಯಲ್ಲಿ ಅವರೇ ಬರೆಯಲಿ. ಆ ಹಾಳೆಯ ಪ್ರತಿಯನ್ನು ನಮಗೂ ಕಳುಹಿಸಿಕೊಡಿ.